ಒನಕೆಗೆ ಹಿಡಿದ ಗ್ರಹಣ

ಒನಕೆ ನೆಟ್ಟಗೆ ನಿಲ್ಲುವುದಕ್ಕೂ ರಾಹು ಸೂರ್ಯನನ್ನು ನುಂಗುವುದಕ್ಕೂ ಏನು ಸಂಬಂಧ ಎಂದು ನೀವು ಕೇಳಿದರೆ, ಏನೂ ಇಲ್ಲ ಎಂದು ನಾನು ಹೇಳಬೇಕು. ಮೇಷ್ಟರಾದವನ ಧರ್ಮ ಅದು. ಆದರೆ ಹಾಗೆ ಹೇಳಹೋಗಿಯೇ ನನ್ನ ಮದುವೆ ತಪ್ಪುವುದರಲ್ಲಿತ್ತು. ಆದ್ದರಿಂದ ಈಗೀಗ ರಾಹುವಿನ ವಿಷಯದಲ್ಲಿ ಸ್ವಲ್ಪ ಮರ್ಯಾದೆಯಿಂದ ಮಾತಾಡುತ್ತೇನೆ.

ಆಗ ನಾನು ಶಿವನಿ ಎಂಬ ಊರಿನ ಸ್ಕೂಲಿಗೆ ಹೊಸ ಮೇಷ್ಟರು. ಮೈಸೂರಿನಲ್ಲಿ ಟ್ರೈನಿಂಗ್ ಮುಗಿಸಿ ಬಂದವನಿಗೆ ಮೂಢನಂಬಿಕೆ ಕಂಡರೆ ಮೈಯೆಲ್ಲ ತುರಿಕೆ. ನಮ್ಮ ಸೀಮೆಯಲ್ಲಿ ಗ್ರಹಣ ಹಿಡಿದಾಗ ಹಿತ್ತಾಳೆ ತಟ್ಟೆಗೆ ನೀರು ಹಾಕಿ ಒನಕೆ ನಿಲ್ಲಿಸುತ್ತಾರೆ. ಗ್ರಹಣ ಇರುವಷ್ಟು ಹೊತ್ತು ಅದು ನಿಂತಿರುತ್ತದೆ, ಬಿಟ್ಟ ಕೂಡಲೇ ಬೀಳುತ್ತದೆ ಎಂದು ನಂಬಿಕೆ. ನಾನು ಯಾವ ಗ್ರಹಣವೂ ಇಲ್ಲದ ಒಂದು ಮಂಗಳವಾರ ಕ್ಲಾಸಿಗೆ ಒನಕೆ ತರಿಸಿ ನಿಲ್ಲಿಸಿ ತೋರಿಸಿದೆ. ಪ್ರತಿಯೊಂದು ವಸ್ತುವಿಗೂ ಭಾರದ ನಡು ಎಂಬುದೊಂದಿದೆ. ಅಲ್ಲಿಂದ ನೇರ ಕೆಳಕ್ಕೆ ಎಳೆದ ಗೆರೆ ಬುಡದೊಳಗೇ ಬಿದ್ದರೆ ವಸ್ತು ನಿಲ್ಲುತ್ತದೆ, ಆಚೆಗೆ ಬಿದ್ದರೆ ಉರುಳುತ್ತದೆ. ಒನಕೆಗಾಗಲಿ, ಹೆಂಡ ಕುಡಿದು ಸಂತೆಯಿಂದ ಬರುವವನಿಗಾಗಲಿ ನಿಯಮ ಒಂದೇ. ಮಕ್ಕಳಿಗೆ ಎರಡನೆಯ ಉದಾಹರಣೆ ಬಹಳ ಬೇಗ ಅರ್ಥವಾಯಿತು.

ಮೊದಲನೆಯದನ್ನು ಮನೆಗೆ ಕೊಂಡುಹೋದರು. ಮಾರನೆಯ ದಿನ ಊರಿನ ಹಲವು ಮನೆಗಳಲ್ಲಿ ಒನಕೆ ನೆಟ್ಟಗೆ ನಿಂತಿತ್ತು. ಅಂದೇ ಪಟೇಲರ ಮಗಳು ಗಂಗಮ್ಮನಿಗೂ ನನಗೂ ನಿಶ್ಚಿತಾರ್ಥ. ನಮ್ಮೂರು ಸಿಂಗಟಗೆರೆಯಿಂದ ಅಪ್ಪ, ಅವ್ವ, ಸೋದರಮಾವ ಗಾಡಿ ಕಟ್ಟಿಕೊಂಡು ಬಂದಿದ್ದರು. ಒಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಪಟೇಲರ ಮನೆಯ ಚಿಳ್ಳೆಪಿಳ್ಳೆಗಳೂ ನನ್ನ ಶಿಷ್ಯರೇ ಎಂಬುದು ನನಗೆ ಮರೆತುಹೋಗಿತ್ತು. ಇನ್ನೇನು ತಾಂಬೂಲ ಬದಲಾಯಿಸಬೇಕು, ಗಂಗಮ್ಮನ ಅಜ್ಜಿ ನಡುಮನೆಯ ಮೂಲೆಯಲ್ಲಿ ನಿಂತ ಒನಕೆಯನ್ನು ನೋಡಿಬಿಟ್ಟರು.

"ಗ್ರಹಣ ಹಿಡ್ದೈತೆ. ಯಾರೂ ಏನೂ ಮುಟ್ಬ್ಯಾಡ್ರಿ" ಎಂದರು.

ಪಂಚಾಂಗದಲ್ಲಿ ಇಲ್ಲವಲ್ಲ ಎಂದು ಜೋಯಿಸರು ಗೊಣಗಿದರು. ಪಂಚಾಂಗ ಬರೆದವನು ತಪ್ಪಬಹುದು, ಒನಕೆ ತಪ್ಪುತ್ತದೆಯೇ ಎಂದು ಅಜ್ಜಿ ಕೇಳಿದರು. ಮೋಡ ಕವಿದಿತ್ತು, ಸೂರ್ಯನನ್ನೇ ಸಾಕ್ಷಿಗೆ ಕರೆಯುವ ಹಾಗೂ ಇರಲಿಲ್ಲ. ನಾನು ಎದ್ದು ಭಾರದ ನಡುವಿನ ವಿಚಾರ ಹೇಳಿದೆ.

"ಹಂಗಾರೆ ಇನ್ನೊಂದು ನಿಲ್ಸಿ ತೋರ್ಸಪ್ಪಾ" ಎಂದರು ಅಜ್ಜಿ.

ಉತ್ಸಾಹದಿಂದ ಇನ್ನೊಂದನ್ನೂ ನಿಲ್ಲಿಸಿದೆ. ಅಜ್ಜಿ ಕೈಮುಗಿದರು. "ನೋಡಿದ್ರೇನ್ರಪ್ಪಾ, ಬಲವಾಗೇ ಹಿಡ್ದೈತೆ."

ಯಾವ ಪ್ರಯೋಗವೂ ಇಷ್ಟು ಚೆನ್ನಾಗಿ ಗೆದ್ದು ಯಾರನ್ನೂ ಇಷ್ಟು ಹಾಳುಮಾಡಿರಲಾರದು. ಅಪಶಕುನ ಕಂಡ ಮನೆಯ ಸಂಬಂಧ ಬೇಡವೆಂದು ಸೋದರಮಾವ ಎತ್ತು ಹೂಡಲು ಎದ್ದ. ನನಗೆ ಗಂಗಮ್ಮ ಬೇಕಾಗಿತ್ತು. ಹೆಣ್ಣು ನೋಡಲು ಬಂದ ದಿನ ನಾನು ನನ್ನ ವಿದ್ಯೆ ಕೊಚ್ಚಿಕೊಳ್ಳುತ್ತಿದ್ದಾಗ ಬಾಗಿಲ ಸಂದಿಯಲ್ಲಿ ಕಿಸಕ್ಕನೆ ನಕ್ಕವಳು ಅವಳು. ಆ ನಗು ಇನ್ನು ಬೇರೆಯವರ ಮನೆಗೆ ಹೋಗುತ್ತದಲ್ಲ ಎಂದು ಹೊಟ್ಟೆ ಉರಿಯಿತು.

ಎಲ್ಲರೂ ಅಂಗಳದಲ್ಲಿ ಮಾವನನ್ನು ಸಮಾಧಾನ ಮಾಡುತ್ತಿದ್ದಾಗ ಒಳಗೆ ದಡಾರೆಂದಿತು. ಹಿಂದೆಯೇ ಇನ್ನೊಮ್ಮೆ. ಒನಕೆಗಳೆರಡೂ ಮಲಗಿದ್ದವು. ಗ್ರಹಣ ಬಿಟ್ಟಿತು. ಅಜ್ಜಿ ಎಲ್ಲರಿಗೂ ತಲೆಗೆ ನೀರು ಹಾಕಿಸಿ ಹೊಸದಾಗಿ ಅಡುಗೆ ಮಾಡಿಸಿದರು. ನಡುಗುತ್ತಲೇ ತಾಂಬೂಲ ಬದಲಾಯಿಸಿದೆವು.

ಆಮೇಲೆ ವರ್ಷಗಟ್ಟಲೆ ಇದನ್ನೇ ಪಾಠ ಮಾಡಿದೆ. ಊರಂಚಿನ ಸ್ಟೇಷನ್ನಿಗೆ ರೈಲು ಬಂದಾಗ ನೆಲ ಅದುರುತ್ತದೆ, ಅದುರಿದಾಗ ಭಾರದ ನಡು ಬುಡದಿಂದ ಆಚೆ ಸರಿಯುತ್ತದೆ, ಒನಕೆ ಬೀಳುತ್ತದೆ ಎಂದು. ಮೊನ್ನೆ ಜಗಲಿಯಲ್ಲಿ ಮಕ್ಕಳಿಗೆ ಹೀಗೆ ಹೇಳುತ್ತಿದ್ದಾಗ ಗಂಗಮ್ಮ ಮೊರ ಹಿಡಿದುಕೊಂಡು ಹೊರಗೆ ಬಂದಳು.

"ಅವತ್ತು ಯಾವ ರೈಲೂ ಬರ್ಲಿಲ್ಲ ಕಣ್ರೀ. ನಾನೇ ಮೊಣಕೈಲಿ ತಳ್ಳಿದ್ದು. ನಿಮ್ಮ ವಿದ್ಯೆ ನಂಬ್ಕೊಂಡು ಕೂತಿದ್ರೆ ಇಷ್ಟೊತ್ಗೆ ಯಾರ ಮನೇಲಿ ರಾಗಿ ಬೀಸ್ತಿದ್ನೋ."

ಹೇಳಿ ಒಳಗೆ ಹೋದಳು. ನಾನು ಪಾಠ ಬದಲಾಯಿಸಿದೆ. ನಿಂತ ವಸ್ತು ನಿಂತೇ ಇರುತ್ತದೆ, ಹೊರಗಿನಿಂದ ಒಂದು ಬಲ ಬಂದು ತಾಗುವ ತನಕ ಎಂದೆ. ಆ ಬಲ ಎಲ್ಲಿರುತ್ತದೆ ಮೇಷ್ಟ್ರೇ ಎಂದು ಒಬ್ಬಳು ಹುಡುಗಿ ಕೇಳಿದಳು.

"ಮೆತ್ತಗೆ ಮಾತಾಡು ಮಗಾ, ಒಳಗೆ ಅಕ್ಕಿ ಕೇರ್ತೈತೆ" ಎಂದೆ.