ಹತ್ತರ ಗುಳಿಗೆ, ನಲವತ್ತರ ಗುಳಿಗೆ

ಇಲ್ಲ, ಕಾಲು ನೋಯುತ್ತದೆ ಎಂದು ಡಾಕ್ಟರಿಗೆ ಹೇಳಿದ್ದು ನಾನಲ್ಲದೆಯೂ ಇರಬಹುದು. ನನ್ನ ನೆನಪಿನಲ್ಲಿ ಆ ಮಾತು ನನ್ನ ಬಾಯಲ್ಲೇ ಇದೆ, ಅದೂ ಕನ್ನಡದಲ್ಲಿ. ಆದರೆ ಮಹಬೂಬನಗರದ ಆ ಡಾಕ್ಟರಿಗೆ ಕನ್ನಡ ಬರುವುದಿಲ್ಲ. ನಾನು ತೆಲುಗಿನಲ್ಲಿ ಹೇಳಿದ್ದನ್ನು ಮನಸ್ಸು ಆಮೇಲೆ ಕನ್ನಡಕ್ಕೆ ತಿರುಗಿಸಿಕೊಂಡಿತೇ? ಅಥವಾ ಪಕ್ಕದ ಕುರ್ಚಿಯಲ್ಲಿದ್ದ ನಮ್ಮ ಮನೆಯವರು ನನ್ನ ಪರವಾಗಿ ಹೇಳಿದರೇ? ಅವರನ್ನು ಕೇಳಿದರೆ "ನೀನೇ ಹೇಳ್ದಿ" ಎನ್ನುತ್ತಾರೆ.

ಡಾಕ್ಟರು ಅಂದದ್ದು ಮಾತ್ರ ಇಬ್ಬರಿಗೂ ಒಂದೇ ರೀತಿ ನೆನಪಿದೆ. ಹೆಂಗಸರಿಗೆ ಕೊಲೆಸ್ಟ್ರಾಲ್ ಗುಳಿಗೆ ತುಸು ಹೆಚ್ಚೇ ಆಗುತ್ತದೆ, ತಗ್ಗಿಸೋಣ.

ನಲವತ್ತು ಮಿಲಿಗ್ರಾಂ ಹತ್ತಾಯಿತು.

ಅದಕ್ಕೂ ಮೊದಲಿನದನ್ನು ಹೇಳಬೇಕು. ನಾನು ತೆಲಂಗಾಣದ ಗಡಿ ಊರು ಮಕ್ತಲಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರು. ಒಂದು ಮಧ್ಯಾಹ್ನ ಪಾಠದ ನಡುವೆ ದವಡೆ ಬಿಗಿಯಿತು. ಆಮೇಲೆ ಬೆನ್ನು. ಎದೆ ನೋಯಲಿಲ್ಲ. ಎದೆ ನೋಯದ ಕಾರಣ ಯಾರಿಗೂ ಹೃದಯದ ಯೋಚನೆ ಬರಲಿಲ್ಲ, ನನಗೂ.

"ಗ್ಯಾಸ್ ಇರ್ಬೇಕು ಟೀಚರ್" ಎಂದರು ಹೆಡ್‌ಮಾಸ್ಟರು. "ನಮ್ಮ ಮನ್ಯಾಗ ಆಕಿಗೂ ಹಿಂಗೇ ಆಕ್ಕೈತಿ. ಅಜವಾನ ಜಗೀರಿ."

ಜಗಿದೆ. ಸಂಜೆಗೆ ವಾಂತಿಯಾಯಿತು. ಮೈಯೆಲ್ಲ ಬೆವರಿತು. ಮಹಬೂಬನಗರಕ್ಕೆ ಕಾರಿನಲ್ಲಿ ಒಯ್ದರು. ಇಸಿಜಿ ತೆಗೆದರು.

ಹಾರ್ಟ್ ಅಟ್ಯಾಕ್.

ಸ್ಟೆಂಟ್ ಹಾಕುವಾಗ ಏನನ್ನಿಸಿತು ಎಂದು ಎಲ್ಲರೂ ಕೇಳುತ್ತಾರೆ. ಏನೂ ಅನ್ನಿಸಲಿಲ್ಲ. ಕೋಣೆ ತಣ್ಣಗಿತ್ತು. ಪರದೆಯ ಮೇಲೆ ನನ್ನ ರಕ್ತನಾಳಗಳು ಜಾಲಿಯ ಒಣ ಕೊಂಬೆಯಂತೆ ಕಂಡವು. ಹೀಗೆ ಬರೆದೆನಲ್ಲ, ಇದೂ ಅನುಮಾನವೇ. ನನ್ನ ಕನ್ನಡಕ ಆಗ ನರ್ಸ್ ಬಳಿ ಇತ್ತು.

ಮನೆಗೆ ಬಂದ ಮೇಲೂ ಹಾಗೆಯೇ. ಅಳು ಬರಲಿಲ್ಲ. ನಮ್ಮ ಮನೆಯವರು ಅನ್ನ ಮಾಡಲು ಕಲಿತರು, ರೊಟ್ಟಿ ಬಡಿಯಲು ಹೋಗಿ ಮುರಿದರು. ನಾನು ಮುರಿದ ರೊಟ್ಟಿ ತಿಂದು ಗುಳಿಗೆ ನುಂಗಿದೆ. ಕೆಲವು ವಾರಗಳಲ್ಲಿ ಮೀನಖಂಡ ನೋಯತೊಡಗಿತು. ಆಗಲೇ ಗುಳಿಗೆ ಹತ್ತಕ್ಕಿಳಿದದ್ದು. ಕಾಲು ಹಗುರವಾಯಿತು. ಮತ್ತೆ ಶಾಲೆಗೆ ಹೋದೆ.

ಎರಡನೆಯ ಅಟ್ಯಾಕ್ ಆದದ್ದು ನಾರಾಯಣಪೇಟೆಯಲ್ಲಿ, ಟೀಚರುಗಳ ತರಬೇತಿಯಲ್ಲಿ ಕುಳಿತಿದ್ದಾಗ. ದವಡೆ ಬಿಗಿದ ಕೂಡಲೇ ಎದ್ದೆ. ಯಾರಿಗೂ ಹೇಳದೆ ಹೊರಗೆ ಬಂದು ಆಟೋ ಹತ್ತಿ, ಆಸ್ಪತ್ರೆಗೆ ನಡಿ ಎಂದೆ. ಅಲ್ಲಿಂದ ಆಂಬುಲೆನ್ಸಿನಲ್ಲಿ ಮತ್ತೆ ಮಹಬೂಬನಗರ. ಬೇರೊಂದು ನಾಳ ಕಟ್ಟಿತ್ತು. ಇನ್ನೊಂದು ಸ್ಟೆಂಟ್.

ಮರುದಿನ ಗದ್ವಾಲದಿಂದ ಅಣ್ಣ ಬಂದ. ಅಣ್ಣನಿಗೆ ಅಲ್ಲಿ ಸೀರೆ ಅಂಗಡಿ ಇದೆ. ನನಗಿಂತ ಮುಂಚೆಯೇ ಅವನಿಗೂ ಸ್ಟೆಂಟ್ ಬಿದ್ದಿತ್ತು, ಇದೇ ಆಸ್ಪತ್ರೆಯಲ್ಲಿ, ಅದೇ ಡಾಕ್ಟರ ಕೈಯಲ್ಲಿ. ಮಂಚದ ಪಕ್ಕದ ಗುಳಿಗೆಗಳನ್ನು ತಿರುವಿ ನೋಡಿದ.

"ಇದೇನವ್ವಾ, ನಿಂದು ಹತ್ತರದು ಐತಿ? ನಂದು ನಲವತ್ತರದು."

"ಕಾಲು ನೋಯ್ತಾವಂತ ತಗ್ಸಿದ್ರು."

"ನನ್ನ ಕಾಲೂ ನೋಯ್ತಿದ್ವು. ರಕ್ತ ತಗದು ನೋಡಿ, ಏನಾಗಿಲ್ಲ, ನಡೀರಿ ಅಂದ್ರು." ಗುಳಿಗೆಗಳನ್ನು ವಾಪಸ್ ಇಟ್ಟು, "ಗುಳಿಗ್ಯಾಗೂ ನಿನಗ ಸಣ್ಣ ಪಾಲೇನು?" ಎಂದ.

"ಹೊಲದ ಪಾಲು ಹಂಚೋ ಮುಂದ ನೀನೇ ಕುಂತಿದ್ದಿ, ನಿನಗೇ ಗೊತ್ತು."

ನಮ್ಮ ಮನೆಯವರು ಕಿಟಕಿಯ ಹೊರಗೆ ನೋಡಿದರು.

ಈ ಸಲ ವಾರ್ಡಿಗೆ ಬಂದವರು ಬೇರೆ ಡಾಕ್ಟರು, ಹೆಂಗಸು. ಗುಳಿಗೆ ಯಾಕೆ ಕಡಿಮೆಯಾಯಿತು ಎಂದು ಕೇಳಿದರು. ನಮ್ಮ ಮನೆಯವರು ಬಾಯಿ ತೆರೆದರು. "ಮೀರೇ ಚೆಪ್ಪಂಡಮ್ಮಾ" ಎಂದು ಡಾಕ್ಟರು ನನ್ನ ಕಡೆ ತಿರುಗಿದರು. ನೀವೇ ಹೇಳಿ. ನಾನೇ ಹೇಳಿದೆ. ಆಗ ರಕ್ತ ಪರೀಕ್ಷೆ ಮಾಡಿದ್ದರೇ? ಇಲ್ಲ. ಬೇರೆ ಗುಳಿಗೆ ಕೊಟ್ಟು ನೋಡಿದ್ದರೇ? ಇಲ್ಲ.

ಅವರು ಯಾರನ್ನೂ ದೂರಲಿಲ್ಲ. ಹೆಂಗಸರಿಗೆ ಈ ನೋವು ತುಸು ಹೆಚ್ಚು ಇರಬಹುದು, ಅದು ಸುಳ್ಳಲ್ಲ ಎಂದರು. ಆದರೆ ಹೃದಯದ ಕಾಯಿಲೆ ಬಂದ ಮೇಲೆ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಎಷ್ಟಕ್ಕೆ ಇಳಿಯಬೇಕು ಎಂಬುದು ಗಂಡಸಿಗೂ ಹೆಂಗಸಿಗೂ ಒಂದೇ. ಹೆಂಗಸರ ಗುಳಿಗೆಯನ್ನು ಬೇಗ ಇಳಿಸುತ್ತಾರೆ, ಮತ್ತೆ ಏರಿಸಬೇಕು ಎಂಬುದು ಯಾರಿಗೂ ನೆನಪಾಗುವುದಿಲ್ಲ. ಅದನ್ನು ತಾನು ಬಹಳ ಸಲ ನೋಡಿದ್ದೇನೆ ಎಂದರು. ನನ್ನ ಎಲ್‌ಡಿಎಲ್ ಇಳಿದೇ ಇರಲಿಲ್ಲ.

ಆಮೇಲೆ, ದಿನವೂ ತಪ್ಪದೆ ತೆಗೆದುಕೊಂಡಿರಾ ಎಂದರು.

ಹೌದು ಎಂದೆ. ಸೋಮವಾರ ಬಿಟ್ಟು.

ನಮ್ಮಲ್ಲಿ ಸೋಮವಾರ ಒಪ್ಪತ್ತು, ಒಂದೇ ಹೊತ್ತಿನ ಊಟ. ಗುಳಿಗೆ ರಾತ್ರಿ ಊಟದ ನಂತರದ್ದು. ರಾತ್ರಿ ಊಟವೇ ಇಲ್ಲದ ದಿನ ಊಟದ ನಂತರ ಎಂಬುದು ಎಲ್ಲಿಂದ ಬರಬೇಕು? ಶ್ರಾವಣದಲ್ಲಂತೂ ಇಡೀ ತಿಂಗಳು ಒಪ್ಪತ್ತು. ಇದರಲ್ಲಿ ತಪ್ಪಿದೆ ಎಂದು ನನಗೆ ಹೊಳೆದೇ ಇರಲಿಲ್ಲ. ಈ ಗುಳಿಗೆಗೆ ಊಟ ಬೇಕಿಲ್ಲ, ನೀರಿನಲ್ಲಿ ನುಂಗಿದರೂ ನಡೆಯುತ್ತದೆ ಎಂದರು ಡಾಕ್ಟರು.

"ನೀನೂ ಸೋಮವಾರ ಮಾಡ್ತಿ ಅಲ್ಲಣ್ಣಾ?" ಎಂದೆ.

"ನಿಮ್ಮತ್ತಿಗಿ ಹಾಲಿನ್ಯಾಗ ಕೊಡ್ತಾಳ. ಹಾಲು ಲೆಕ್ಕಕ್ಕಿಲ್ಲಂತ, ಶಿವನ್ನ ತಾನೇ ಕೇಳಿ ಬಂದಂಗ ಹೇಳ್ತಾಳ."

ಅವನಿಗೆ ಕೊಡುವವರಿದ್ದರು. ನನ್ನದು ನಾನೇ ತೆಗೆದುಕೊಳ್ಳುವುದು, ಪಾತ್ರೆ ತೊಳೆದಾದ ಮೇಲೆ.

ಮೊದಲಿನಿಂದಲೂ ನಲವತ್ತೇ ಇದ್ದಿದ್ದರೆ ಇದು ಆಗುತ್ತಿರಲಿಲ್ಲವೇ ಎಂದು ಡಾಕ್ಟರನ್ನು ಕೇಳಿದೆ. ಆಗುವ ಸಾಧ್ಯತೆ ಕಡಿಮೆ ಇರುತ್ತಿತ್ತು, ನಿಮಗೆ ಆಗುತ್ತಿರಲಿಲ್ಲ ಎಂದು ಹೇಳಲಾರೆ ಎಂದರು. ಪಕ್ಕದ ಮಂಚಕ್ಕೆ ಹೋದರು.

ಈಗ ಮತ್ತೆ ನಲವತ್ತು, ಬೇರೆ ಹೆಸರಿನದು. ಸೋಮವಾರವೂ. ಎಲ್‌ಡಿಎಲ್ ಇಳಿದಿದೆ. ಕಾಲು ಒಮ್ಮೊಮ್ಮೆ ನೋಯುತ್ತದೆ, ರಕ್ತದಲ್ಲಿ ಏನೂ ಇಲ್ಲವಂತೆ. ನಿಂತು ಪಾಠ ಮಾಡುತ್ತಿದ್ದೇನೆ. ಅಷ್ಟಾದರೂ ಸಾಕು ಎನ್ನಿಸುವ ದಿನಗಳಿವೆ.

ಎರಡನೆಯ ಅಟ್ಯಾಕಿನ ನಂತರ ಹೃದಯದ ಒಂದು ಗೋಡೆ ಸರಿಯಾಗಿ ಕದಲುತ್ತಿಲ್ಲ ಎಂದು ಎಕೋ ಸ್ಕ್ಯಾನಿನಲ್ಲಿ ಬಂದಿದೆ. ಅದು ಹತ್ತರ ಗುಳಿಗೆಯಿಂದ ಹೋಯಿತೋ, ಸೋಮವಾರಗಳಿಂದಲೋ, ಎರಡೂ ಸೇರಿಯೋ, ಹೇಗಿದ್ದರೂ ಹೋಗುವುದೇ ಇತ್ತೋ, ನನಗೆ ಗೊತ್ತಿಲ್ಲ.