ದೇವರ ಮುಂದಿಟ್ಟ ಕೀಲಿ

ಉಮಾದೇವಿ ಹಟಮಾರಿ. ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ, ಶಹಾಬಾದಿನ ನಮ್ಮ ಬ್ಯಾಟರಿ ಶೆಡ್ಡಿನಲ್ಲಿ ಅವಳ ಪಕ್ಕದಲ್ಲೇ ಕೂತು ಮೂರು ವರ್ಷದಿಂದ ಪೆಟ್ಟಿಗೆಗೆ ಟೇಪು ಹಚ್ಚುತ್ತಿದ್ದೇನೆ. ಅವಳದು ಪರೀಕ್ಷೆಯ ಮಷೀನು. ಆಟೋ ಬ್ಯಾಟರಿಯ ಒಂದೊಂದು ಸೆಲ್ಲನ್ನೂ ಒಳಗಿಟ್ಟು, ಮುಚ್ಚಳ ಹಾಕಿ, ಎರಡು ಸಾವಿರ ವೋಲ್ಟ್ ಕೊಟ್ಟು, ಹೊದಿಕೆಯಲ್ಲಿ ಎಲ್ಲಾದರೂ ಕರೆಂಟು ಸೋರುತ್ತದೆಯೇ ಎಂದು ನೋಡಬೇಕು. ಎರಡು ಗುಂಡಿಗಳನ್ನು ಎರಡೂ ಕೈಯಿಂದ ಒತ್ತಿದರೆ ಮಾತ್ರ ಅದು ಓಡುತ್ತದೆ.

"ಎರಡೂ ಕೈ ಹೊರಗಿದ್ರ ಮೂರನೇದು ಎಲ್ಲಿಂದ ಒಳಗ ಹೋಗ್ತದ?" ಎನ್ನುತ್ತಾಳೆ.

ಚಹಾಕ್ಕೆ ಹೋದರೂ ಮಷೀನಿನ ಕೀಲಿ ಅವಳ ಸೊಂಟದಲ್ಲೇ.

ಹೋದ ಅಮಾವಾಸ್ಯೆಗೆ ಮಾಲೀಕ ಖಂಡೆಪ್ಪನವರಿಗೆ ಭಕ್ತಿ ಉಕ್ಕಿತು. ಸೇಡಂನ ಆಟೋ ಅಂಗಡಿಯ ಅಯ್ಯಪ್ಪನವರು ಮಧ್ಯಾಹ್ನ ಬರುವವರಿದ್ದರು. ಕಣ್ಣೆದುರೇ ಸೆಲ್ಲು ಪಾಸಾದರೆ ಮಾತ್ರ ಮಾಲು ಒಯ್ಯುತ್ತೇನೆ ಎಂದಿದ್ದರು. ಯಾವಾಗಲೂ ಬಾಗಿಲಲ್ಲಿ ಒಡೆಯುವ ತೆಂಗಿನಕಾಯಿಯನ್ನು ಮಾಲೀಕರು ಅಂದು ಮಷೀನಿನ ಅಂಚಿಗೇ ಒಡೆದರು. ತೆರೆದ ಮುಚ್ಚಳದೊಳಕ್ಕೂ ಕೆಳಗಿನ ರಬ್ಬರ್ ಚಾಪೆಗೂ ನೀರು ಹರಿಯಿತು. ನಾವೆಲ್ಲ ಕೈ ಮುಗಿದೆವು. ಉಮಾದೇವಿ ಗೋಡೆಯ ಸ್ವಿಚ್ಚು ಆರಿಸಿ, ಕೀಲಿಗೆ ಕುಂಕುಮ ಹಚ್ಚಿ ದೇವರ ಮುಂದಿಟ್ಟಳು. ಮಾಲೀಕರು ಮೆಚ್ಚಿ ಅದಕ್ಕೂ ಆರತಿ ಎತ್ತಿದರು. ಆಮೇಲೆ ಅವಳು ದೀಪಕ್ಕೆ ತುಳುಕುವಷ್ಟು ಎಣ್ಣೆ ಹೊಯ್ದದ್ದನ್ನು ನಾನೊಬ್ಬಳೇ ನೋಡಿದೆ.

ಅಯ್ಯಪ್ಪನವರು ಬಂದರು.

"ಉಮಾ, ಮಷೀನ್ ಚಾಲೂ ಮಾಡವ್ವ," ಎಂದರು ಮಾಲೀಕರು.

"ಕೀಲಿ ಪೂಜಿಗಿ ಇಟ್ಟದರಿ. ದೀಪ ಆರೋತನಕ ಪೂಜಿ ಕದಲಿಸಬಾರದಂತ ನೀವೇ ಹೇಳ್ತೀರಲ್ರಿ?"

ಮಾಲೀಕರು ಅವಳನ್ನು ಮೂಲೆಗೆ ಕರೆದರು. "ಈ ಮಾಲು ಹೋಗಲಿಲ್ಲಂದ್ರ ನಾಳಿಂದ ನೀ ಮನ್ಯಾಗೇ ಇರು."

"ಮಷೀನ್ ಒಳಗ ಭಾಳ ಹಸಿ ಅದರಿ. ಮನ್ಯಾಗಾದ್ರೂ ಜೀವಂತ ಇರ್ತೀನಿ."

ದೀಪ ಊದುವ ಧೈರ್ಯ ಯಾರಿಗಿದೆ? ಅಯ್ಯಪ್ಪನವರು ಇನ್ನೂ ದೊಡ್ಡ ಭಕ್ತರು. ಚಪ್ಪಲಿ ಕಳಚಿ ಕಲ್ಲಿನ ನೆಲದ ಮೇಲೆ ಕೂತು "ಕಾಯ್ತೀನ್ರಿ" ಎಂದುಬಿಟ್ಟರು. ನಗು ತಡೆಯಲಾಗದೆ ನಾನು ಟೇಪನ್ನೇ ಕಚ್ಚಿ ಹಿಡಿದೆ. ಅಷ್ಟರಲ್ಲಿ ಉಮಾದೇವಿ ಚಾಪೆಯನ್ನು ಬಿಸಿಲಿಗೆ ಹಾಕಿ, ಮಷೀನು ಒರೆಸಿ, ಅದರೆದುರು ಫ್ಯಾನು ಇಟ್ಟಳು.

ದೀಪ ಆರಿದಾಗ ನಾಲ್ಕೂವರೆ. ಎಲ್ಲರನ್ನೂ ಹಳದಿ ಗೆರೆಯಾಚೆ ನಿಲ್ಲಿಸಿ, ಸ್ವಿಚ್ಚು, ಕೀಲಿ ಹಾಕಿ, ಒಳಗೆ ಸೆಲ್ಲು ಇಡದೆಯೇ ಮುಚ್ಚಳ ಮುಚ್ಚಿ, ಗುಂಡಿ ಒತ್ತಿದಳು. ಮಷೀನಿನ ಕೆಂಪು ದೀಪ ಹತ್ತಿ, ಕರೆಂಟು ಸೋರುತ್ತಿದೆ ಎಂದು ಅದು ಕಿರುಚಿ ತಾನೇ ನಿಂತಿತು. ಅವಳು ಕೀಲಿ ತೆಗೆದು, ಸ್ವಲ್ಪ ಹೊತ್ತು ಕಾದು, ಉಳಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಕೋಲು ಮುಟ್ಟಿಸಿ, ಒಳಗೆ ಸೆಲ್ಲು ಕೂರಿಸುವ ಹಿಡಿಕೆಯ ಅಡಿಯಿಂದ ಉಗುರಿನಷ್ಟು ಹಸಿ ಕೊಬ್ಬರಿ ಹೊರತೆಗೆದಳು. ಮಾಲೀಕರ ಮುಖ ಬಿಳುಚಿತು. ಗಿರಾಕಿ ಬಂದಾಗೆಲ್ಲ ಮಷೀನಿನ ಮೇಲೆ ಕೈಯೂರಿ ಜಂಬ ಕೊಚ್ಚುವುದು ಅವರ ರೂಢಿ.

ಮರುಸಲ ಹಸಿರು ಹತ್ತಿತು. ಸೆಲ್ಲುಗಳೂ ಪಾಸಾದವು.

"ಮಾಲಕರ ತಪ್ಪೂ ಹಿಡೀತದಲ್ರಿ ಈ ಮಷೀನು! ಮಾಲು ಕಟ್ರಿ," ಎಂದರು ಅಯ್ಯಪ್ಪನವರು.

ಕೀಲಿ ಸೊಂಟಕ್ಕೆ ಸಿಕ್ಕಿಸುತ್ತ ಉಮಾದೇವಿ ನನ್ನ ಕಿವಿಯಲ್ಲಿ, "ಕೆಲಸ ಹೋಯ್ತಂತ ಮಾಡಿದ್ದೆ" ಎಂದಳು. ಕೆಲಸ ಹೋಗುವ ಭಯ ಅವಳಿಗೂ ಇತ್ತು. ಅಂದಿನಿಂದ ಆ ಹಟಮಾರಿ ನನಗೆ ಬಲು ಇಷ್ಟ.

ಈ ಅಮಾವಾಸ್ಯೆಗೆ ಖಂಡೆಪ್ಪನವರು ಕಾಯಿ ಹಿಡಿದು ಗೇಟಿನಾಚೆ ನಿಂತು ಕೂಗಿದರು: "ಇಲ್ಲಿ ಒಡೀಲೇನವ್ವ?"

"ಇನ್ನಾ ನಾಕ್ ಹೆಜ್ಜಿ ಹಿಂದ ಸರೀರಿ," ಎಂದಳು ಉಮಾದೇವಿ.

ಸರಿದರು.