ಯಾರಿಗೂ ಕೊಡದೆ ಇಟ್ಟುಕೊಂಡ ಹೆಸರು

ಕಿರಂಗೂರಿನಲ್ಲಿ ಹೆಣ್ಣು ಮಗು ಹುಟ್ಟಿದರೆ, ಆಸ್ಪತ್ರೆಯವರು ತೂಕ ನೋಡುವುದಕ್ಕೂ ಮೊದಲು ನನಗೆ ಫೋನು ಬರುತ್ತದೆ. ಸ್ವಲ್ಪ ಜಾಸ್ತಿ ಹೇಳಿದೆ ಅನ್ನಿ, ತೂಕ ನೋಡಿದ ಮೇಲೆ ಬರುತ್ತದೆ. ಊರಲ್ಲಿ ಯಾರಿಗೂ ಇಲ್ಲದ ಹೆಸರು ಬೇಕು ಎಂದರೆ ಪಿಯುಸಿ ಓದುವ ನಾನೇ ಗತಿ. ಜೋಯಿಸರು ಅಕ್ಷರ ಕೊಡುತ್ತಾರೆ, ಹೆಸರು ನಾನು ಕೊಡುತ್ತೇನೆ. ಕ್ಷ, ಜ್ಞ, ಋ ಮೂರೂ ಒಂದೇ ಹೆಸರಲ್ಲಿ ಸೇರಿದರೆ ಅಪ್ಪಂದಿರಿಗೆ ಬಲು ಖುಷಿ. ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಎಚ್ಚು, ಎರಡು ಎ ಬಿಟ್ಟಿಯಾಗಿ ಸೇರಿಸಿಕೊಡುತ್ತೇನೆ. ನಾನಿಟ್ಟ ಒಂದು ಹೆಸರನ್ನು ಕೂಗಿ ಮುಗಿಸುವಷ್ಟರಲ್ಲಿ ಉಪ್ಪಿಟ್ಟು ಆರಿಹೋಗುತ್ತದೆ ಎಂದು ಅಂಗನವಾಡಿ ಟೀಚರು ಅವ್ವನ ಹತ್ತಿರ ದೂರು ಹೇಳಿದ್ದರು.

ಈ ದರ್ಬಾರೆಲ್ಲ ತೊಟ್ಟಿಲು ಶಾಸ್ತ್ರದವರೆಗೆ. ಮಗುವಿನ ಕಿವಿಯಲ್ಲಿ ಹೆಸರು ಹೇಳಿದ ಮೇಲೆ ನನ್ನ ಫೋನು ಸತ್ತ ಹಾಗೆ ಬಿದ್ದಿರುತ್ತದೆ. ನಾನು ನಿದ್ದೆಗೆಟ್ಟು ಹುಡುಕಿದ ಹೆಸರಿನ ಮಗು ಬೀದಿಯಲ್ಲಿ ಚಿನ್ನಿ ಎಂದು ಕರೆಸಿಕೊಂಡು ಓಡಾಡುತ್ತದೆ.

ಒಂದು ಹೆಸರನ್ನು ಮಾತ್ರ ಎಂಟನೇ ಕ್ಲಾಸಿನಿಂದ ಯಾರಿಗೂ ಕೊಡದೆ ಇಟ್ಟುಕೊಂಡಿದ್ದೆ. ಸಂತೆಬಾಚಹಳ್ಳಿಯಿಂದ ಒಬ್ಬರು ಚೀಲದ ತುಂಬ ಅವರೆಕಾಯಿ ಹೊತ್ತು ತಂದು ಕೇಳಿದಾಗಲೂ ಕೊಡಲಿಲ್ಲ. ಬೇರೆ ಹೆಸರು ಕೊಟ್ಟೆ, ಅವರೆಕಾಯಿ ಇಟ್ಟುಕೊಂಡೆ. ಅದು ಅಣ್ಣನ ಮಗಳಿಗೆ ಅಂತ ಇಟ್ಟದ್ದು. ಅಣ್ಣನಿಗೆ ಆಗಿನ್ನೂ ಮದುವೆಗೆ ಹೆಣ್ಣೇ ಗೊತ್ತಾಗಿರಲಿಲ್ಲ. ಡೇರಿಗೆ ಹಾಲು ಹಾಕಿ ಇಬ್ಬರೂ ಬರುವಾಗ ಅವನೇ ಹೇಳಿದ್ದ: “ನಂಗೇನಾರ ಮಗ್ಳು ಉಟ್ಟುದ್ರೆ ನೀನೇ ಎಸ್ರಿಡ್ಬೇಕು ಕಣವ್ವ.” ಒಂದು ಹುಡುಕಿ ಇಟ್ಟಿದ್ದೇನೆ ಎಂದು ಆಮೇಲೆ ಅವನಿಗೆ ಹೇಳಿದ್ದೆ, ಯಾವುದೆಂದು ಹೇಳಿರಲಿಲ್ಲ.

ಆಮೇಲೆ ಅವನಿಗೆ ಮದುವೆಯಾಯಿತು, ಪಾಂಡವಪುರದ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು, ಅಲ್ಲೇ ಮನೆ ಮಾಡಿದ. ಇಲ್ಲಿ ಅಪ್ಪ, ಅವ್ವ, ನಾನು, ಒಂದು ಸೀಮೆ ಹಸು ಉಳಿದೆವು. ನಾಲ್ವರಲ್ಲಿ ಹೆಚ್ಚು ಮಾತಾಡುವುದು ಹಸುವೇ.

ಅತ್ತಿಗೆ ಹೆರಿಗೆಗೆ ನಾಗಮಂಗಲದ ತವರಿಗೆ ಹೋದಾಗ ನಾನು ಗಂಜಾಂನ ನಿಮಿಷಾಂಬ ದೇವಿಗೆ ಅರ್ಜಿ ಹಾಕಿದೆ. ಹೆಣ್ಣೇ ಆಗಬೇಕು, ಅದೂ ನಾನಿಟ್ಟುಕೊಂಡ ಹೆಸರಿನ ಮೊದಲಕ್ಷರ ಬರುವ ನಕ್ಷತ್ರದಲ್ಲೇ ಆಗಬೇಕು. ಹೆಣ್ಣೇ ಆಯಿತು. ಜೋಯಿಸರು ಕೊಟ್ಟ ಅಕ್ಷರವೂ ಅದೇ. ದೇವಿ ತನ್ನ ಕೆಲಸ ಮಾಡಿದಳು, ಅಣ್ಣ ಕೇಳುವುದೊಂದೇ ಬಾಕಿ.

ಫೋನನ್ನು ಬಚ್ಚಲಿಗೂ ಒಯ್ದೆ. ಕರೆ ಬಂದದ್ದು ಅವ್ವನಿಗೆ. ಭಾನುವಾರ ತೊಟ್ಟಿಲು ಶಾಸ್ತ್ರವಂತೆ. ಮಾತು ಮುಗಿಸಿ ನನ್ನ ಕೈಗೆ ಕೊಟ್ಟಳು.

“ಬೆಳಿಗ್ಗೇನೇ ಬಂದ್ಬುಡು. ಸೋದರತ್ತೆ ನೀನೇ ಅಲ್ವಾ, ಕಿವೀಲಿ ನೀನೇ ಏಳ್ಬೇಕು,” ಎಂದ ಅಣ್ಣ.

“ಏನಂತ ಏಳ್ಬೇಕು?”

“ಅದ್ನ ಇಲ್ಲಿ ಇವ್ರೆಲ್ಲ ಕುಂತ್ಕಂಡು ನೋಡವ್ರೆ. ನೀ ಬಾ, ಏಳ್ತಾರೆ.”

ನಾನು ಬಾಯಿ ತೆಗೆಯುವಷ್ಟರಲ್ಲಿ ಅಲ್ಲಿ ಯಾರೋ ಅವನನ್ನು ಕರೆದರು.

ಭಾನುವಾರ ನಾಗಮಂಗಲದ ಬಸ್ಸಿನಲ್ಲಿ ಅಪ್ಪ ಅವ್ವ ಮುಂದಿನ ಸೀಟಿನಲ್ಲಿ ತೂಕಡಿಸಿದರು. ನಾನು ದಾರಿಯುದ್ದಕ್ಕೂ ಆ ಹೆಸರನ್ನು ತುಟಿಯಲ್ಲೇ ಹೇಳಿಕೊಂಡೆ. ಪಕ್ಕದಲ್ಲಿದ್ದ ಅಜ್ಜಿ ಯಾವುದೋ ಮಂತ್ರ ಎಂದುಕೊಂಡು ನನಗೆ ಕೈ ಮುಗಿದರು.

ಅಕ್ಕಿ ಹರಡಿದ ತಟ್ಟೆಯಲ್ಲಿ ಹೆಸರು ಆಗಲೇ ಬರೆದಾಗಿತ್ತು. ಅತ್ತಿಗೆಯ ತಂಗಿ ಹುಡುಕಿದ್ದಂತೆ. ಎಷ್ಟು ಉದ್ದ ಎಂದರೆ ಕೊನೆಯ ಅಕ್ಷರ ತಟ್ಟೆಯ ಅಂಚು ಹತ್ತಿ ಕೂತಿತ್ತು. ತಪ್ಪು ಹುಡುಕಿದೆ, ಸಿಗಲಿಲ್ಲ. ಒಳ್ಳೆಯ ಹೆಸರೇ. ನಾನು ಹುಡುಕಿದ್ದಾಗಿದ್ದರೆ ವರ್ಷವಿಡೀ ಕೊಚ್ಚಿಕೊಳ್ಳುತ್ತಿದ್ದೆ.

ಅತ್ತಿಗೆಯ ಅವ್ವ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದರು. “ಬಾವ್ವ, ಮೂರ್ ಸಲ ಏಳು. ಮಗೀಗೆ ಕೇಳುದ್ರೆ ಸಾಕು, ನಮ್ಗಲ್ಲ.”

ಮಗುವಿನ ಕಿವಿ ಹುಣಸೆ ಎಲೆಯಷ್ಟಿತ್ತು. ಸಾಂಬ್ರಾಣಿ ವಾಸನೆ. ಅಲ್ಲಿ ನಾನು ಏನು ಹೇಳಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಬಗ್ಗಿದೆ. ತಟ್ಟೆಯಲ್ಲಿದ್ದುದನ್ನೇ ಮೂರು ಸಲ ಹೇಳಿದೆ, ಒಂದು ಒತ್ತಕ್ಷರವೂ ತಪ್ಪದೆ. ಅವಳ ಹೆಸರು ಅದು, ಅವಳಿಗೆ ಅದನ್ನೇ ತಾನೆ ಹೇಳಬೇಕು. ಅವಳು ಆಕಳಿಸಿದಳು.

ಸಂಜೆ ಬಸ್‌ ಸ್ಟ್ಯಾಂಡಿಗೆ ಅಣ್ಣ ಬಿಡಲು ಬಂದ. “ಎಸ್ರು ಎಂಗಯ್ತೆ?”

“ಚೆಂದಾಗಯ್ತೆ.”

“ನೀನೂ ಒಂದ್ ಮಡೀಕಂಡಿದ್ದೆ ಅಲ್ವಾ. ಯಾವ್ದದು?” ಎಂದ.

“ಬಸ್ಸು ಬಂತು ಕಣಣ್ಣ,” ಎಂದೆ. ಬಸ್ಸು ಇನ್ನೂ ತಿರುವಿನಲ್ಲಿತ್ತು.

ಮುಂದಿನ ವಾರ ನಮ್ಮ ಹಸು ಹೆಣ್ಣುಗರು ಹಾಕಿತು. ಸೀಮೆ ಹಸುವಿನ ಕರುಗಳಿಗೆ ನಮ್ಮ ಮನೆಯಲ್ಲಿ ಹೆಸರಿಡುವುದಿಲ್ಲ, ಕಿವಿಗೆ ಹಳದಿ ಓಲೆ ಹೊಡೆಸಿದರೆ ಅದರಲ್ಲಿರುವ ನಂಬರೇ ಹೆಸರು. ಓಲೆ ಹೊಡೆಯುವವರು ಇನ್ನೂ ಬಂದಿರಲಿಲ್ಲ. ಕರುವಿನ ಕಿವಿ ಹಿಡಿದು ನಾನಿಟ್ಟುಕೊಂಡಿದ್ದ ಹೆಸರನ್ನು ಮೂರು ಸಲ ಹೇಳಿದೆ. ನೊಣ ಕೂತಂತೆ ಕಿವಿ ಕೊಡವಿತು.

ಆಚೆ ಬದಿ ಹಾಲು ಕರೆಯುತ್ತಿದ್ದ ಅವ್ವ, “ಯಾರ್ ಕುಟೆ ಮಾತಾಡ್ತಿದ್ದೀಯ ಮಗಾ?” ಎಂದಳು.

“ಯಾರೂ ಇಲ್ಲ ಕಣವ್ವ.”

ಹೆಸರು ಯಾವುದು ಎಂದು ನೀವೂ ಕೇಳಬೇಡಿ. ನಾನಿಟ್ಟ ಹೆಸರು ಕೂಗಿದರೆ ತಿರುಗಿ ನೋಡುವುದು ಊರಲ್ಲಿ ಆ ಕರುವೊಂದೇ. ಅದೂ ಕೈಯಲ್ಲಿ ಹುಲ್ಲಿದ್ದರೆ.